ಐಡೆಲ್ಲಾ ಕ್ರೌಸಳ ಓಟು

ಡೈನರಿನಲ್ಲಿ ಬೆಳಗಿನ ಕಾಫಿಗೆ ಕೂತವರೆಲ್ಲ ಕತ್ತು ತಿರುಗಿಸುವ ಹಾಗೆ ವರ್ಲಿನ್ ಸ್ಟಕಿ ಹೇಳಿದ, "ಈ ಸಲ ಅಂಚೆಯಲ್ಲಿ ಸತ್ತವರ ಓಟೂ ಬಂದಿದೆ ಕಣ್ರಯ್ಯಾ. ಐಡೆಲ್ಲಾ ಕ್ರೌಸ್‌ದು. ಸಹಿ ಹೊಂದಲಿಲ್ಲ, ತಡೆದಿಟ್ಟಿದ್ದೀವಿ."

ಕೊಲರಾಡೊದ ಆ ಗೋಧಿ ಸೀಮೆಯಲ್ಲಿ ರಿಪಬ್ಲಿಕನ್ನರ ಪರವಾಗಿ ಓಟಿನ ಲಕೋಟೆಗಳ ಸಹಿ ಪರಿಶೀಲಿಸುವ ಕೆಲಸ ಅವನದು. ಹಾಗಾಗಿ ಮಾತಿಗೆ ಬೇಗ ರೆಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಒಂದು ಓಟು ನಾನೂರಾಗಿತ್ತು. ಬುಧವಾರ ಚುನಾವಣಾ ಮಂಡಳಿಯ ಸಭೆಯಲ್ಲಿ ಫಲಿತಾಂಶಕ್ಕೆ ಒಪ್ಪಿಗೆ ಕೊಡಲು ಬಿಡಬಾರದೆಂದು ಅರ್ಧ ಊರು ಪಟ್ಟು ಹಿಡಿಯಿತು.

ಸಹಿ ಪರಿಶೀಲಿಸುವ ಅದೇ ಮೇಜಿನಲ್ಲಿ ಡೆಮಾಕ್ರಾಟರ ಪರ ಕೂರುವ ರೊಸಾಲಿಂಡಾ ತ್ರುಹಿಯೊ ಕೇಳಿದಳು, "ಅವಳು ಸತ್ತಳು ಅಂತ ಯಾರಂದ್ರು?"

"ಗಂಡನ ಸಮಾಧಿ ಕಲ್ಲಿನ ಮೇಲೆ ಅವಳ ಹೆಸರೂ ಇದೆ. ನಾನೇ ನೋಡಿದ್ದೀನಿ."

"ಸತ್ತ ವರ್ಷ ನೋಡಿದ್ಯಾ?"

ವರ್ಲಿನ್ ನೇರ ಸ್ಮಶಾನಕ್ಕೆ ಹೋದ. ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಬರೀ ಕಲ್ಲು. ಗಂಡ ಹೆಂಡಿರಲ್ಲಿ ಒಬ್ಬರು ಹೋದಾಗ ಉಳಿದವರ ಹೆಸರನ್ನೂ ಕೆತ್ತಿಸಿಬಿಡುವುದು ಅಲ್ಲಿಯ ವಾಡಿಕೆ. ಪಕ್ಕದಲ್ಲೇ ವರ್ಲಿನ್‌ನ ಹೆಂಡತಿಯ ಕಲ್ಲಿನ ಮೇಲೆ ಅವನ ಹೆಸರೂ ಹಾಗೇ ಇತ್ತು. ಅವನಿಗೆ ತುಂಬ ನಾಚಿಕೆಯಾಯಿತು.

ರೊಸಾಲಿಂಡಾಳೇ ವಿಚಾರಿಸಿ ಐಡೆಲ್ಲಾ ಇರುವ ಪಕ್ಕದೂರಿನ ಆರೈಕೆ ಕೇಂದ್ರದ ವಿಳಾಸ ಕೊಟ್ಟಳು. ಪಾರ್ಶ್ವವಾಯು ಹೊಡೆದು ಐಡೆಲ್ಲಾಳ ಬಲಗೈ ಬಿದ್ದುಹೋಗಿತ್ತು. ಓಟು ಅಂಚೆಗೆ ಹಾಕಿದ ಮೇಲೆ ಅವಳು ಇಲ್ಲಿಗೆ ಸೇರಿದ್ದಳು; ಸಹಿ ಹೊಂದಿಲ್ಲವೆಂದು ಕಚೇರಿ ಕಳಿಸಿದ ಪತ್ರ ಅವಳ ಬೀಗ ಹಾಕಿದ ಮನೆಯಲ್ಲೇ ಕೂತಿತ್ತು.

ವರ್ಲಿನ್ ಅಲ್ಲಿಗೆ ಹೋದಾಗ ಅವಳೆಂದಳು, "ಎಡಗೈಲಿ ಗೀಚಿದ್ದೆ ಕಣೋ. ನನ್ನನ್ನ ಸಾಯಿಸಿದ್ದು ನೀನೇ ಅಂತೆ. ಹೂವಾದ್ರೂ ತಂದ್ಯಾ?"

"ಓಟು ನಿಂದೇ ಅಂತ ಬರೆದುಕೊಡೋ ಅರ್ಜಿ ತಂದಿದ್ದೀನಿ. ಇವತ್ತೇ ಕೊನೇ ದಿನ. ಸಹಿ ಹಾಕಿಕೊಟ್ರೆ ಓಟು ಎಣಿಸ್ತಾರೆ."

"ನಾನು ಹಾಕಿದ್ದು ನಿಮ್ಮವನಿಗಲ್ಲ, ಗೊತ್ತಿರಲಿ."

"ನಾನು ಕೇಳಲಿಲ್ಲ. ಗುರುತಿನ ಚೀಟಿ ಎಲ್ಲಿಟ್ಟಿದ್ದೀಯ ಹೇಳು."

ಕಚೇರಿ ಮುಚ್ಚಲು ಹತ್ತು ನಿಮಿಷವಿದ್ದಾಗ ಅರ್ಜಿ ತಲುಪಿತು.

ಬುಧವಾರ ಸಭಾಂಗಣ ಕಿಕ್ಕಿರಿದಿತ್ತು. "ಸತ್ತವರ ಓಟು ತೆಗೀರಿ" ಎಂಬ ಕೂಗಿನ ನಡುವೆ ವರ್ಲಿನ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಎದುರಿಗಿದ್ದವರೆಲ್ಲ ನಲವತ್ತು ವರ್ಷದ ಗೆಳೆಯರು.

"ಸುಳ್ಳು ಹಬ್ಬಿಸಿದವನು ನಾನು. ನಾನೂರಲ್ಲ, ಒಂದೂ ಇಲ್ಲ. ಇವಳೇ ಐಡೆಲ್ಲಾ."

ಐಡೆಲ್ಲಾ ಎಡಗೈ ಎತ್ತಿದಳು. "ಕೂತ್ಕೊಳ್ರೋ. ಸತ್ತವಳ ಮುಂದೆ ಹಿಂಗಾ ಗಲಾಟೆ ಮಾಡೋದು?"

ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಮಂಡಳಿಯವರು ಒಬ್ಬರಾದ ಮೇಲೊಬ್ಬರು ಫಲಿತಾಂಶಕ್ಕೆ ಸಹಿ ಹಾಕಿದರು. ವರ್ಲಿನ್ ಕಡೆಯವನು ಹನ್ನೊಂದು ಓಟುಗಳಿಂದ ಸೋತಿದ್ದ.

ಎಲ್ಲರಿಗಿಂತ ಮೊದಲು ಎದ್ದುನಿಂತು ಚಪ್ಪಾಳೆ ತಟ್ಟಿದವನು ವರ್ಲಿನ್.