ಹೊಸ ನೀರು

ದೇಸಮ್ಮ ಇಳಿದಳೆಂದು ಈಜುಕೊಳದ ನೀರನ್ನೆಲ್ಲ ಮಂಗಳವಾರ ಬೆಳಿಗ್ಗೆ ಮೋಟರು ಹಚ್ಚಿ ರಸ್ತೆಯ ಚರಂಡಿಗೆ ಬಿಟ್ಟರು.

ನಾಲ್ಕನೆಯ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ವಿನೋದಾ ಅದನ್ನು ನೋಡುತ್ತಿದ್ದಳು. ತಮಿಳು ಸೀಮೆಯ ಪೋರೂರಿನ ಮೇ ತಿಂಗಳು. ಆರೂವರೆಗೇ ಬಾಲ್ಕನಿಯ ಕಂಬಿ ಬಿಸಿಯಾಗಿತ್ತು. ಗೇಟಿನಾಚೆ ಲಾರಿ ನೀರಿಗೆಂದು ಸಾಲಾಗಿಟ್ಟ ಪ್ಲಾಸ್ಟಿಕ್ ಕೊಡಗಳ ನಡುವಿನಿಂದ ಒಬ್ಬಳು ಬಕೆಟ್ ಹಿಡಿದು ಓಡಿಬಂದಳು. ಪೈಪಿನ ಬಾಯಿಗೆ ಒಡ್ಡಿದಳು, ಮೂಸಿದಳು, ಔಷಧಿಯ ವಾಸನೆಗೆ ಮುಖ ಕಿವುಚಿದಳು, ಆದರೂ ತುಂಬಿಸಿಕೊಂಡಳು. ಎರಡನೆಯ ಬಕೆಟ್ಟಿಗೆ ಬಂದಾಗ ವಾಚ್‌ಮನ್ ಕೋಲು ತಟ್ಟಿ ಓಡಿಸಿದ. ನೀರು ಚರಂಡಿಗೇ ಹೋಗಬೇಕೆಂದು ಅವನಿಗೆ ಹೇಳಲಾಗಿತ್ತು.

ನೀರು ತಗ್ಗುತ್ತ ಬಂದ ಹಾಗೆ ಕೊಳದ ಹೊಟ್ಟೆ ಹೊರಗೆ ಬಿತ್ತು. ಬಿಳಿ ಟೈಲ್ಸಿನ ಸುತ್ತ ಹಸಿರು ಜಿಡ್ಡಿನ ಪಟ್ಟಿ. ಅಡಿಯಲ್ಲಿ ಕೂದಲಿನ ಉಂಡೆಗಳು, ಉಬ್ಬಿಹೋದ ಗಾಯದ ಪಟ್ಟಿಗಳು, ಯಾರೋ ಅಗಿದು ಉಗಿದ ಚೂಯಿಂಗ್ ಗಮ್ಮು, ಮಗುವಿನ ಡಯಾಪರೊಂದರ ಹರಕು. ಎರಡು ತಿಂಗಳು ತಾನು ಬಾಯಿ ಬಿಟ್ಟಾಗಲೆಲ್ಲ ಒಳಗೆ ಹೋದದ್ದು ಇದೇ ನೀರು. ವಿನೋದಾ ಕಾಫಿ ಲೋಟವನ್ನು ಕೆಳಗಿಟ್ಟಳು. ಆದರೆ ನೀರು ಬಿಟ್ಟದ್ದು ಇದಾವುದಕ್ಕೂ ಅಲ್ಲ.

ವಿಮಾ ಕಚೇರಿಯಿಂದ ಹೋದ ವರ್ಷ ಜನವರಿಯಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡಾಗ ಅವಳಿಗೆ ಐವತ್ತಮೂರು. ಇನ್ನಾದರೂ ತನಗಾಗಿ ಏನಾದರೂ ಕಲಿಯಬೇಕೆಂಬ ಹಂಬಲ. ಮೊದಲು ವೀಣೆ ಹಿಡಿದಳು. ಬೆರಳ ತುದಿ ಸೀಳಿ, ಟೀಚರು "ಈ ವಯಸ್ಸಲ್ಲಿ ಭಜನೆ ಸಾಕಲ್ಲವಾ ಮೇಡಂ" ಅಂದ ದಿನ ಅದು ಮಂಚದಡಿ ಸೇರಿತು. ಆಮೇಲೆ ತಾರಸಿಯಲ್ಲಿ ಟೊಮೇಟೊ. ಬಿಳಿ ಹುಳ ಹತ್ತಿ ಗಿಡಗಳು ಹಿಟ್ಟು ಚೆಲ್ಲಿದಂತಾದವು. ಜುಂಬಾ ಕುಣಿತಕ್ಕೆ ಹೋಗಿ ಮಂಡಿ ಊದಿತು.

"ಅಮ್ಮಾ, ಅಡುತ್ತದು ಎನ್ನ? ಪ್ಯಾರಾಚೂಟಾ?" ಮುಂದಿನದು ಏನು ಎಂದು ಮಗಳು ನಿಖಿತಾ ತಮಿಳಿನಲ್ಲೇ ಕಿಚಾಯಿಸಿದರೆ, ಗಂಡ ಶ್ರೀಕಾಂತ್ ಪೇಪರಿನಿಂದ ತಲೆಯೆತ್ತದೆ, "ಹುಚ್ಚು ಮದುವೇಲಿ ಉಂಡೋನೇ ಜಾಣ. ನೀನು ಮಾಡು, ನಾವು ಉಣ್ತೀವಿ" ಅಂದಿದ್ದ.

ಮಂಡಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ಈಜು ಶುರುವಾಯಿತು. ಬೆಳಿಗ್ಗೆ ಆರರಿಂದ ಏಳು, ಹೆಂಗಸರ ಬ್ಯಾಚು. ಕೋಚ್ ಚರಣ್ ದಡದಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣನ್ನು ಫೋನಿಗೆ ಕೊಟ್ಟು, ಬಾಯಿಂದ "ಕಿಕ್ ಮೇಡಂ, ಕಿಕ್" ಅನ್ನುತ್ತಿದ್ದ. ಉಳಿದವರು ಹೇಗೋ ಕಲಿತರು. ವಿನೋದಾ ಮಾತ್ರ ನಾಲ್ಕಡಿ ನೀರಿನಲ್ಲಿ ಕಂಬಿಯನ್ನು ಕಚ್ಚಿ ಹಿಡಿದು ನಿಂತೇ ಇದ್ದಳು. ಮೈಗಂಟಿದ ಆ ಕರಿ ಬಟ್ಟೆ, ಅದರಿಂದ ಹೊರಗೆ ಇಣುಕುವ ತನ್ನದೇ ತೊಡೆ, ಮೇಲಿನ ಬಾಲ್ಕನಿಗಳ ಕಣ್ಣು. ತನ್ನ ದೇಹವೇ ತನಗೆ ಹೇಸಿಗೆಯಾಗಿತ್ತು.

"ಏನಮ್ಮಾ, ಬಸ್ಸಲ್ಲಿ ನಿಂತ ಹಾಗೆ ಕಂಬಿ ಹಿಡ್ಕೊಂಡಿದೀರಿ? ಟಿಕೆಟ್ ಆಯ್ತಾ?"

ಹಾಗೆ ಕೇಳಿದವಳು ದೇಸಮ್ಮ. ಹೌಸ್‌ಕೀಪಿಂಗಿನವಳು. ಉದ್ದ ಕೋಲಿನ ಬಲೆಯಿಂದ ನೀರಿನ ಮೇಲಿನ ಎಲೆ ತೆಗೆಯುತ್ತಿದ್ದಳು. ಊರು ಎಣ್ಣೂರು. ಅಲ್ಲಿನ ಹಿನ್ನೀರಿನಲ್ಲಿ ಕೊರಳವರೆಗೆ ಮುಳುಗಿ, ಓಲೆಬುಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಕೆಸರು ತಡವಿ ಸಿಗಡಿ ಹಿಡಿದು ಬೆಳೆದವಳು. ಕರೆಂಟು ಕಾರ್ಖಾನೆಯ ಬೂದಿನೀರು ಬಂದು ಸಿಗಡಿ ಹೋಯಿತು, ಕಾಲಲ್ಲಿ ತುರಿಕೆ ಉಳಿಯಿತು. ಇಲ್ಲಿ ಎಲೆ ಹಿಡಿಯುವ ಕೆಲಸ ಸಿಕ್ಕಿತು. "ಇಂಥಾ ನೀರು ಇಟ್ಕೊಂಡು ಸುಮ್ನೆ ನಿಂತಿದೀರಲ್ಲಮ್ಮಾ" ಎಂದು ನಗುವಾಗ ಅವಳ ಮುಂಬಲ್ಲುಗಳ ಸವೆದ ತುದಿ ಕಾಣುತ್ತಿತ್ತು. ಬುಟ್ಟಿ ಕಚ್ಚಿದ ಗುರುತು.

ಮೊನ್ನೆ ಭಾನುವಾರ ಚರಣ್ ಬಂದಿರಲಿಲ್ಲ. ಬ್ಯಾಚಿನವರೆಲ್ಲ ಅರ್ಧ ಗಂಟೆ ಕೈಕಾಲು ಬಡಿದು ಹೊರಟುಹೋದರು. ಕೊಳದಲ್ಲಿ ವಿನೋದಾ ಒಬ್ಬಳೇ, ದಡದಲ್ಲಿ ದೇಸಮ್ಮ ಒಬ್ಬಳೇ.

"ಇಳಿ ದೇಸಮ್ಮಾ. ಒಂದೇ ಒಂದು ಸಲ ಹಿಡ್ಕೋ, ಇಳಿ."

"ಬೇಡಮ್ಮಾ. ಬೋರ್ಡು ನೋಡಿದ್ರಾ?"

ಬೋರ್ಡನ್ನು ವಿನೋದಾ ದಿನವೂ ನೋಡುತ್ತಿದ್ದಳು. ಕೆಲಸದವರಿಗೆ, ಡ್ರೈವರುಗಳಿಗೆ, ಸಾಕುಪ್ರಾಣಿಗಳಿಗೆ ಕೊಳದಲ್ಲಿ ಪ್ರವೇಶವಿಲ್ಲ. ಮೂರಕ್ಕೂ ಒಂದೇ ಸಾಲು.

"ಯಾರೂ ಇಲ್ಲ. ನಾನು ಹೇಳ್ತಿದೀನಲ್ಲ, ಇಳಿ."

ದೇಸಮ್ಮ ಅತ್ತ ಇತ್ತ ನೋಡಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸದ್ದಿಲ್ಲದೆ ಇಳಿದಳು. ಒಂದು ಅಂಗೈ ವಿನೋದಾಳ ಕತ್ತಿನ ಕೆಳಗೆ, ಇನ್ನೊಂದು ಬೆನ್ನಿಗೆ. ಒರಟು ಕೈ. "ವಿಡುಂಗಮ್ಮಾ," ಅಂದಳು ಮೆಲ್ಲಗೆ. "ಒಡಂಬ ವಿಡುಂಗ." ಮೈ ಬಿಡಿ. ತಮಿಳಿನ ವಿಡು ಕನ್ನಡದ ಬಿಡು ತಾನೆ. ಮೂವತ್ತು ವರ್ಷದಿಂದ ಕೇಳುತ್ತಿದ್ದ ಮಾತು. ಆದರೂ ಈ ಮೈಗೆ ಯಾರೂ ಹಾಗೆ ಹೇಳಿರಲಿಲ್ಲ. ಸೆರಗು ಹಿಡಿ, ನಾಲಿಗೆ ಹಿಡಿ, ಹೊಟ್ಟೆ ಒಳಗೆ ಹಿಡಿ ಎಂದೇ ಎಲ್ಲರೂ ಹೇಳಿದ್ದರು. ಕಿವಿಗೆ ನೀರು ತುಂಬಿ ಊರಿನ ಸದ್ದು ಅಡಗಿತು. ಏರ್‌ಪೋರ್ಟಿನ ಕಡೆಗೆ ವಿಮಾನವೊಂದು ಬಿಳಿ ಹೊಟ್ಟೆ ತೋರಿಸಿಕೊಂಡು ತಗ್ಗುತ್ತ ಹೋಯಿತು. ಬೆನ್ನಿನ ಕೆಳಗೆ ಕೈ ಇಲ್ಲವೆಂಬುದು ಅವಳಿಗೆ ಗೊತ್ತಾದದ್ದು ದೇಸಮ್ಮ ದಡದ ಹತ್ತಿರದಿಂದ ಮಾತಾಡಿದಾಗಲೇ.

"ಕೈ ಬಿಟ್ಟು ಹನ್ನೊಂದು ಎಣಿಸಿದೆ ಅಮ್ಮಾ."

ಎಂಟನೆಯ ಮಹಡಿಯಿಂದ ಯಾರೋ ಅದನ್ನು ವಿಡಿಯೋ ಮಾಡಿದ್ದರು. ಮಧ್ಯಾಹ್ನದೊಳಗೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ವಾಟ್ಸ್ಯಾಪ್ ಗುಂಪಿನಲ್ಲಿ ಅರವತ್ತು ಸಂದೇಶ. ಯಾರು ಬಿಟ್ಟರು ಅವಳನ್ನು? ಚರ್ಮದ ಕಾಯಿಲೆ ಇದ್ದರೆ? ಅದೇ ಬಟ್ಟೆಯಲ್ಲಿ ಕಕ್ಕಸು ತೊಳೆಯುತ್ತಾಳಲ್ಲ. ಏಪ್ರಿಲ್‌ನಲ್ಲಿ ಬಿ ಬ್ಲಾಕಿನ ಹುಟ್ಟುಹಬ್ಬದ ಪಾರ್ಟಿಯಲ್ಲಿ ಅವರ ನಾಯಿ ಬ್ರೂನೋ ಇದೇ ಕೊಳಕ್ಕೆ ಧುಮುಕಿ ಮಕ್ಕಳ ಜತೆ ಈಜಿದ ವಿಡಿಯೋ ಇದೇ ಗುಂಪಿಗೆ ಬಂದಿತ್ತು. ಅದಕ್ಕೆ ಬಿದ್ದದ್ದು ಕೆಂಪು ಹೃದಯಗಳು.

"ಪಾಪ ವಿನೋದಾ ಆಂಟಿ, ಎಷ್ಟು ಗಾಬರಿಯಾಗಿರಬೇಡ" ಎಂದು ಒಬ್ಬಳು ಬರೆದಳು. ನಾನೇ ಕರೆದದ್ದು ಎಂದು ವಿನೋದಾ ಟೈಪು ಮಾಡಿದಳು. ಅಳಿಸಿದಳು. ಮತ್ತೆ ಟೈಪು ಮಾಡಿದಳು, ಅಳಿಸಿದಳು. ಕೊನೆಗೆ ಕೈಮುಗಿದ ಚಿತ್ರವೊಂದನ್ನು ಹಾಕಿ ಫೋನು ಮಗುಚಿಟ್ಟಳು.

ಮಂಗಳವಾರ ಸಂಜೆ ಸೆಕ್ರೆಟರಿ ಕಮಲಾಕರ ಮನೆಗೇ ಬಂದ. ರೈಲ್ವೆಯಲ್ಲಿದ್ದು ನಿವೃತ್ತನಾದವನು. ತಾತನ ಕಾಲದಿಂದ ಪೆರಂಬೂರಿನಲ್ಲಿದ್ದು ಮಾತಿಗೆ ತಮಿಳು ಬೆರೆತ ಕನ್ನಡದ ಮನೆತನ.

"ನಾವು ನಮ್ಮೋರು, ಅದಕ್ಕೇ ನೇರ್ ವಿಷಯಕ್ಕೆ ಬರ್ತೀನಮ್ಮಾ," ಎಂದು ಟೈಪಾದ ಹಾಳೆಯೊಂದನ್ನು ಟೀಪಾಯಿಯ ಮೇಲಿಟ್ಟ. "ನೀವು ಕರೀದೇ ಅವಳಾಗೇ ಇಳಿದ್ಲು, ನಿಮ್ಮನ್ನ ಮುಟ್ಟಿದ್ಲು ಅಂತ ಒಂದು ಲೆಟರು. ಸೈನ್ ಹಾಕಿದ್ರೆ ಮುಡಿಂಜಿತು, ಮುಗೀತು. ಅವಳ್ನ ತೆಗೀಬೇಕು ಅಂತಾನೇ ಎಲ್ಲರೂ ಕೂತಿದ್ರು. ನಾನೇ ಸಮಾಧಾನ ಮಾಡಿದೀನಿ. ಗುರುವಾರ ಖಾಲಿ ಪೂಲ್‌ಗೆ ಇಳಿದು ಬ್ಲೀಚಿಂಗ್ ಪೌಡರ್ ಹಾಕಿ ಪೂರಾ ಉಜ್ಜಿ ತೊಳೀಲಿ, ಎಲ್ಲರೂ ಕಣ್ಣಾರೆ ಪಾರ್ತುಕೊಳ್ಳಲಿ, ಅಪ್ಪುರಂ, ಆಮೇಲೆ ಹೊಸ ನೀರು. ಕೆಲ್ಸಾನೂ ಉಳಿಯುತ್ತೆ."

"ಅವಳೇ ಯಾಕೆ ತೊಳೀಬೇಕು?"

"ಹೈಜೀನ್ ವಿಷಯಮ್ಮಾ. ಬೇರೇನಿಲ್ಲ. ನೀರಿನ ಪಿಎಚ್ಚು, ಅದೂ ಇದೂ..."

ಸೋಫಾದ ಮೂಲೆಯಲ್ಲಿ ಕಾಲು ಮಡಿಸಿ ಕೂತಿದ್ದ ಅತ್ತೆ ಲೀಲಮ್ಮ, ಎಂಬತ್ತೆರಡರ ಮುದುಕಿ, ಇದ್ದಕ್ಕಿದ್ದಂತೆ ಬಾಯಿ ಹಾಕಿದರು. "ಮೈಲಿಗೆ ಅನ್ನಪ್ಪಾ. ಅದನ್ನ ಹೇಳಕ್ಕೆ ಪಿಎಚ್ಚು ಯಾಕೆ? ನಮ್ಮ ಮಂಡ್ಯದ ಮನೆ ಬಾವೀಲೂ ಹಿಂಗೇ ನೀರು ಖಾಲಿ ಮಾಡ್ತಿದ್ವು. ಆದ್ರೆ ಬಾಯ್ಬಿಟ್ಟು ಹೇಳಿ ಮಾಡ್ತಿದ್ವು."

ಕಮಲಾಕರ ನಕ್ಕ. "ಏನ್ ಮಾತಮ್ಮಾ, ಈಗಿನ ಕಾಲ್ದಲ್ಲಿ ಯಾರು ಅದೆಲ್ಲ ನೋಡ್ತಾರೆ," ಎಂದು ಕಾಫಿ ಮುಗಿಸಿ ಎದ್ದುಹೋದ.

"ಸೈನ್ ಹಾಕಿ ಬಿಸಾಕು," ಅಂದ ಶ್ರೀಕಾಂತ್ ಬಾಗಿಲು ಹಾಕಿಕೊಂಡು ಬಂದು. "ಅವಳಿಗೆ ಕೆಲ್ಸ ಉಳಿಯುತ್ತೆ, ನಿಂಗೆ ಈಜು ಉಳಿಯುತ್ತೆ. ಇನ್ನೇನು ಬೇಕು? ಹಾಬಿಗೋಸ್ಕರ ಇಡೀ ಬಿಲ್ಡಿಂಗ್ ಎದುರು ಹಾಕ್ಕೊತೀಯಾ?"

ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಆಯಸ್ಕಾಂತದಡಿ ಸಿಕ್ಕಿಸಿ ವಿನೋದಾ ಮರುದಿನವಿಡೀ ಅದರ ಮುಂದೆಯೇ ಹಾಲು ತೆಗೆದಳು, ಮೊಸರು ಇಟ್ಟಳು. ಸೈನು ಹಾಕಲಿಲ್ಲ. ಹಾಕುವುದಿಲ್ಲ ಅಂತಲೂ ಹೇಳಲಿಲ್ಲ. ಬುಧವಾರ ಲಿಫ್ಟಿನ ಬಳಿ ದೇಸಮ್ಮ ಕಸದ ಡಬ್ಬಿ ಎಳೆದುಕೊಂಡು ಎದುರಾದಳು. ಕರೆಯಲೆಂದು ವಿನೋದಾ ಬಾಯಿ ತೆರೆಯುವಷ್ಟರಲ್ಲಿ ಅವಳು ಗೋಡೆಗೆ ಸರಿದು, ಬೇರೆಯವರಿಗೆಲ್ಲ ಸರಿಯುವ ಹಾಗೆಯೇ, ದಾರಿ ಬಿಟ್ಟಳು.

ಗುರುವಾರ ಆರು ಗಂಟೆಗೆ ಕೊಳದ ಸುತ್ತ ಹದಿನೈದು ಜನ ಸೇರಿದ್ದರು. ವಾಕಿಂಗ್ ಷೂಗಳು, ಒಂದೆರಡು ಫೋನುಗಳು. ಬಿ ಬ್ಲಾಕಿನವರು ಬ್ರೂನೋನನ್ನು ಹಿಡಿದುಕೊಂಡು ಬಂದಿದ್ದರು. ಖಾಲಿ ಕೊಳ ನಾಲ್ಕಡಿಯಿಂದ ಎಂಟಡಿಗೆ ಇಳಿಜಾರಾಗಿ ಬಾಯಿ ತೆರೆದಿತ್ತು. ಎರಡು ದಿನದ ಬಿಸಿಲಿಗೆ ತಳದ ಜಿಡ್ಡು ಒಣಗಿ ಸಿಪ್ಪೆಯೆದ್ದು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ಕೆಲವರು ಕರವಸ್ತ್ರ ಹಿಡಿದಿದ್ದರು. ತಮ್ಮದೇ ಕೂದಲು, ತಮ್ಮದೇ ಉಗುಳು; ನೋಡಲು ಮಾತ್ರ ಅಸಹ್ಯ.

ನಾಲ್ಕಡಿಯ ಮೆಟ್ಟಿಲ ಬಳಿ ದೇಸಮ್ಮ ನಿಂತಿದ್ದಳು. ಕಾಲ ಬಳಿ ಬ್ಲೀಚಿಂಗ್ ಪೌಡರಿನ ಬಕೆಟ್ಟು. ಕೈಯಲ್ಲಿ ಉದ್ದ ಹಿಡಿಯ ಬ್ರಶ್ಶು. ಕೈಗೆ ಗವಸಿರಲಿಲ್ಲ.

"ಬನ್ನಿ ವಿನೋದಾ ಅವರೇ, ಲೆಟರ್ ತಂದ್ರಾ?" ಎಂದ ಕಮಲಾಕರ.

ಹಾಳೆ ಅವಳ ಕೈಯಲ್ಲಿ ಮಡಚಿಕೊಂಡಿತ್ತು. ಎಲ್ಲರಿಗೂ ಅರ್ಥವಾಗಲೆಂದು ತಮಿಳಿನಲ್ಲೇ ಹೇಳಿದಳು. "ನಾನು ಸೈನ್ ಹಾಕಿಲ್ಲ. ನಾನೇ ಕರೆದದ್ದು. ಅವಳು ಬೇಡ ಅಂದಳು. ನಾನೇ ಇಳಿ ಅಂದದ್ದು."

ಬ್ರೂನೋ ಮೈ ಕೊಡವಿತು. ಯಾರೋ ಹಿಂದೆ "ಛೇ, ಆಂಟಿ ಪಾಪ" ಎಂದರು. ಕಮಲಾಕರ ಹತ್ತಿರ ಬಂದು, ಮಗುವಿಗೆ ಹೇಳುವ ದನಿಯಲ್ಲಿ, "ವಿಡುಂಗಮ್ಮಾ," ಅಂದ. ಆಮೇಲೆ ಕನ್ನಡದಲ್ಲಿ, ಇನ್ನೂ ತಗ್ಗಿ, "ನಿಮ್ಮ ಮನಸ್ಸು ಒಳ್ಳೇದು, ನಂಗೆ ತೆರಿಯುತ್ತೆ, ಗೊತ್ತು. ಲೆಟರ್ ನಾನು ನೋಡ್ಕೊತೀನಿ. ಬಿಟ್ಬಿಡಿ."

ಅದೇ ಮಾತು. ಭಾನುವಾರ ಅವಳನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದ ಅದೇ ಮಾತು ಇವನ ಬಾಯಲ್ಲಿ ಎಂಜಲಾಗಿತ್ತು. ವಿನೋದಾ ದೇಸಮ್ಮನ ಕಡೆ ನೋಡಿದಳು. ತಾನು ಹೇಳಿಬಿಟ್ಟೆನಲ್ಲ, ಒಂದು ನೋಟವಾದರೂ ಸಿಗಬಹುದು ಎಂಬ ಆಸೆ ಇನ್ನೂ ಇತ್ತು. ದೇಸಮ್ಮ ನೋಡುತ್ತಿದ್ದುದು ಕೊಳದ ತಳವನ್ನು.

"ಏಯ್, ಟೈಮಾಯ್ತು. ಎಂಟಕ್ಕೆ ನೀರಿನ ಲಾರಿ ಬರುತ್ತೆ," ಎಂದು ಕಮಲಾಕರ ತಮಿಳಿಗೆ ತಿರುಗಿ ದನಿಯೇರಿಸಿದ. "ಇಳಿ."

ದೇಸಮ್ಮ ಅಲ್ಲಾಡಲಿಲ್ಲ.

"ಕಿವಿ ಕೇಳಲ್ವಾ? ಇಳಿ ಅಂದೆ."

"ಕೇಳಿಸ್ತು ಸಾರ್." ಅವಳ ದನಿಯಲ್ಲಿ ಕೋಪವಿರಲಿಲ್ಲ, ಮಾರ್ಕೆಟ್ಟಿನಲ್ಲಿ ತೂಕ ತಪ್ಪಿದ್ದನ್ನು ತೋರಿಸುವವಳ ಹಾಗಿತ್ತು. "ಭಾನುವಾರ ಈ ಅಮ್ಮ ಇಳಿ ಅಂದ್ರು, ಇಳಿದೆ. ಆಮೇಲೆ ಯಾಕೆ ಇಳಿದೆ ಅಂತ ನೀವು ಕೇಳಿದ್ರಿ. ನಾನು ಇಳಿದ್ರೆ ಕೆಟ್ಟೋಗುತ್ತೆ ಅಂತ ಅಷ್ಟು ನೀರನ್ನೂ ಚರಂಡಿಗೆ ಬಿಟ್ರಿ. ಈಗ ಮತ್ತೆ ಇಳಿ ಅಂತೀರಿ. ಇದ್ರಲ್ಲಿ ಯಾವುದು ಸಾರ್ ಸರಿ?"

"ಬಾಯಿ ಬೇರೆ! ಕೆಲ್ಸ ಬೇಕಾ ಬೇಡ್ವಾ ನಿನಗೆ? ಇಳಿ!"

ದೇಸಮ್ಮ ಬ್ರಶ್ಶನ್ನು ದಡದ ಅಂಚಿಗೆ ಒರಗಿಸಿ, ಸಿಕ್ಕಿಸಿದ್ದ ಸೀರೆಯ ನೆರಿಗೆಯನ್ನು ಸೊಂಟದಿಂದ ಬಿಚ್ಚಿ ಪಾದದವರೆಗೆ ಇಳಿಬಿಟ್ಟುಕೊಂಡಳು.

"ಎರಂಗ ಮಾಟ್ಟೇನ್," ಅಂದಳು. ಇಳಿಯಲ್ಲ.

ಹದಿನೈದು ಜನರ ನಡುವೆ ಅವಳು ಗೇಟಿನ ಕಡೆ ನಡೆದಳು. ಯಾರೂ ಹೇಳದೆಯೇ ಎಲ್ಲರೂ ಅವಳಿಗೆ ತಾಗದಂತೆ ಪಕ್ಕಕ್ಕೆ ಸರಿದುಕೊಂಡರು. ವಿನೋದಾ ಮಾತ್ರ ಇದ್ದಲ್ಲೇ ಇದ್ದಳು. ಹಾದುಹೋಗುವಾಗ ದೇಸಮ್ಮನ ಮೊಣಕೈ ಅವಳ ಮೊಣಕೈಗೆ ತಾಗಿತು. ದೇಸಮ್ಮ ತಿರುಗಿ ನೋಡಲಿಲ್ಲ.

ಒರಗಿಸಿದ್ದ ಬ್ರಶ್ಶು ಜಾರಿತು. ಮೆಟ್ಟಿಲಿಗೆ ಬಡಿದು, ಟೈಲ್ಸಿನ ಮೇಲೆ ಕಟಕಟ ಸದ್ದು ಮಾಡುತ್ತ ನಾಲ್ಕಡಿಯಿಂದ ಎಂಟಡಿಯವರೆಗೆ ಉರುಳಿಕೊಂಡು ಹೋಗಿ, ಒಣಗಿದ ಕೂದಲಿನ ಉಂಡೆಗಳ ನಡುವೆ ನಿಂತಿತು.

ಎಲ್ಲರೂ ಬಗ್ಗಿ ನೋಡಿದರು. ಅದನ್ನು ತರಲು ಯಾರೂ ಇಳಿಯಲಿಲ್ಲ.