ತಲೆಕೆಳಗಾದ ಗಲ್ವಾನೊ

ಮೊಂತೆರಾಲ್ಡೊ ಊರಿನಲ್ಲಿ ಮುಖ ಬರೆಯುವುದೆಂದರೆ ನಾನೇ, ಬಿಂದೊ. ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ತೊರ್ರಿಗೆಲ್ಲಿ ಮನೆತನದ ಮೂರು ತಲೆಮಾರನ್ನು ಗೋಡೆಗೆ ಏರಿಸಿದವನು ನಾನು. ಅಜ್ಜ ಹೇಸರಗತ್ತೆ ಹೊಡೆಯುತ್ತಿದ್ದವನು, ಬಾಡಿಗೆ ಸೈನ್ಯ ಕಟ್ಟಿ ಒಂದೇ ಬೆಳಗ್ಗೆ ಊರನ್ನು ಹಿಡಿದ. ಮಗ ಅರಮನೆ ಕಟ್ಟಿಸಿದ, ಬಿಷಪ್ಪರ ತಮ್ಮನ ಮಗಳು ಎರ್ಮೆಲ್ಲಿನಾಳನ್ನು ಮದುವೆಯಾದ. ಮೊಮ್ಮಗ ಗಲ್ವಾನೊಗೆ ಮಾತ್ರ ತಲೆ ತಿರುಗಿತು. ಉಪ್ಪಿನ ಸುಂಕ ಮೂರು ಪಟ್ಟು ಮಾಡಿದ, ಕೇಳಲು ಹೋದವರನ್ನು ಕಿಟಕಿಗೆ ನೇತುಹಾಕಿಸಿದ. ಜನ ಎಷ್ಟು ದಿನ ತಾಳಿಯಾರು? ಸಂತ ಯೋಹಾನನ ಹಬ್ಬದ ದಿನ ಅರಮನೆಗೆ ನುಗ್ಗಿದರು. ಗಲ್ವಾನೊ ತಪ್ಪಿಸಿಕೊಂಡ.

ಓಡಿಹೋದ ದ್ರೋಹಿಯನ್ನು ಸಭಾಭವನದ ಗೋಡೆಯ ಮೇಲೆ ತಲೆಕೆಳಗಾಗಿ ನೇತಾಡುವಂತೆ ಬರೆಸುವುದು ನಮ್ಮ ಪದ್ಧತಿ. ಆ ಕೆಲಸಕ್ಕೆ ನನ್ನನ್ನೇ ಕರೆದರು. ಇನ್ನಾರನ್ನು ಕರೆದಾರು?

ಮುಖ ಬರೆಯುವ ದಿನ ಬೆಳಗ್ಗೆ ಎರ್ಮೆಲ್ಲಿನಾ ಅಮ್ಮನವರು ನಾನು ಬಣ್ಣ ಅರೆಯುವ ಕೋಣೆಗೆ ಒಬ್ಬರೇ ಬಂದರು.

"ಬಿಂದೋ, ನನ್ ಮಗ ಇನ್ನೂ ಊರೊಳಗೇ ಇದಾನೆ ಕಣೋ. ಸನ್ಯಾಸಿ ವೇಷ ಹಾಕ್ಕೊಂಡು ನಾಡಿದ್ದು ಆಚೆ ಹೋಗ್ತಾನೆ. ಊರಬಾಗಿಲು ಕಾಯೋರು ಹೊರಗಿನ ಕೂಲಿ ಸಿಪಾಯಿಗಳು, ಅವನ ಮುಖ ಕಂಡೋರಲ್ಲ. ನೀನು ತೋರಿಸ್ಬೇಡ."

"ಅಮ್ಮಾವ್ರೇ, ಇಡೀ ಊರೇ ನೋಡ್ತಾ ನಿಂತಿರುತ್ತೆ."

"ಮೂಗು ಒಂಚೂರು ಸೊಟ್ಟ ಮಾಡು, ಗಲ್ಲ ದಪ್ಪ ಮಾಡು. ನಮ್ಮನೆ ಉಪ್ಪು ತಿಂದಿದೀಯ, ಅಷ್ಟು ಮಾಡಕ್ಕಾಗಲ್ವಾ?"

ಆಗಲಿ ಎಂದೆ.

ಗಾರೆ ಹಸಿಯಿರುವಾಗಲೇ ಮುಖ ಮುಗಿಯಬೇಕು, ಒಣಗಿದರೆ ಬರೆದದ್ದೇ ಬರೆದದ್ದು. ಮಧ್ಯಾಹ್ನಕ್ಕೆ ಸೊಟ್ಟ ಮೂಗಿನ ಗಲ್ವಾನೊ ಸಿದ್ಧನಾದ. ಅಟ್ಟಣಿಗೆಯ ಕೆಳಗೆ ನೆರೆದಿದ್ದ ಜನರಲ್ಲಿ ನಗು ಶುರುವಾಯಿತು.

"ಯಾರಯ್ಯಾ ಇದು? ನಮ್ಮ ಕಟುಕ ಮೆಂಗೊ ಅಲ್ವಾ?"

"ಅಯ್ಯೋ, ನಾನೇನ್ರಪ್ಪಾ ಮಾಡಿದ್ದೆ!" ಎಂದು ಮೆಂಗೊ ಎದೆ ಬಡಿದುಕೊಂಡ.

"ಬಿಂದಣ್ಣಂಗೆ ವಯಸ್ಸಾಯ್ತು, ಬಿಡ್ರೋ. ಕೈ ಹೋಯ್ತು."

ಕೈ ಹೋಯಿತೇ? ನನ್ನ ಕೈ! ಮೈಯೆಲ್ಲ ಉರಿದುಹೋಯಿತು. ಕರಣೆ ಎತ್ತಿ ಆ ಮುಖವನ್ನು ಕೆರೆದುಹಾಕಿದೆ. ಹೊಸ ಗಾರೆ ಮೆತ್ತಿ, ಹೊತ್ತು ಮುಳುಗುವುದರೊಳಗೆ ನಿಜವಾದ ಗಲ್ವಾನೊನನ್ನು ಬರೆದೆ. ಹುಬ್ಬಿನ ಗಾಯ, ತುಟಿಯ ಕೊಂಕು, ಒಂದನ್ನೂ ಬಿಡಲಿಲ್ಲ. ಜನ ಟೋಪಿ ಹಾರಿಸಿದರು. ನಾನು ಕೆಳಗಿಳಿದು ನಾಚಿಕೆಯಿಲ್ಲದೆ ಎಲ್ಲರಿಗೂ ವಂದಿಸಿದೆ. ಅಮ್ಮನವರ ನೆನಪಾದದ್ದು ಗಾರೆ ಒಣಗಿದ ಮೇಲೆ.

ಮರುದಿನವೆಲ್ಲ ಕೂಲಿ ಸಿಪಾಯಿಗಳು ಗೋಡೆಯ ಮುಂದೆ ಕತ್ತು ತಿರುಚಿ ತಿರುಚಿ ಆ ಮುಖವನ್ನು ನೋಡಿದರು. ಮೂರನೆಯ ದಿನ ಊರಬಾಗಿಲಲ್ಲಿ ಒಬ್ಬ ಸನ್ಯಾಸಿಯ ಮುಸುಕು ಎಳೆದರು. ಗೋಡೆಯ ಹತ್ತಿರ ದರದರನೆ ಎಳೆತಂದು, ಕಾಲು ಹಿಡಿದೆತ್ತಿ, ಚಿತ್ರದ ಪಕ್ಕದಲ್ಲಿ ತಲೆಕೆಳಗಾಗಿ ಹಿಡಿದರು.

"ಇವನಲ್ಲ! ಇವನು ಅವನಲ್ಲ ಕಣ್ರೋ!" ಎಂದು ಕೂಗಿಕೊಂಡೆ.

"ಯಾಕೆ ಬಿಂದಣ್ಣ, ನಿನ್ ಕೈ ಮೇಲೆ ನಿಂಗೇ ನಂಬಿಕೆ ಇಲ್ವಾ?" ಎಂದು ಜನ ನಕ್ಕರು.

ಆ ಮುಖದಲ್ಲಿ ಒಂದೇ ಒಂದು ತಪ್ಪು ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಜನರ ನಡುವೆ ನಿಂತಿದ್ದ ಅಮ್ಮನವರು ಮಗನನ್ನು ನೋಡಿದರು, ಗೋಡೆಯನ್ನು ನೋಡಿದರು. ಬೈಯಲಿಲ್ಲ.

"ಎಷ್ಟು ಚೆನ್ನಾಗಿ ಬರ್ದಿದೀಯೋ" ಎಂದರು.