ವೈಪರ್ ಎತ್ತಿದ ಕೈ

ದುಂಡಸಿಯಿಂದ ಯಲ್ಲಪ್ಪನ ಫೋನು ಬಂದಾಗ ಪಶುವೈದ್ಯೆ ಮೃಣಾಲಿನಿ ಇನ್ನೂ ಊಟಕ್ಕೆ ಕುಳಿತಿರಲಿಲ್ಲ.

"ಅಕ್ಕಾರ, ಎಮ್ಮಿ ಬೆಳಿಗ್ಗಿಂದ ತಿಣಕಾಕತ್ತೈತ್ರಿ. ಕರದ ಕಾಲಷ್ಟ ಹೊರಗ ಬಂದಾವು. ಲಗೂ ಬರ್ರಿ."

ಚೀಲ ಹಿಡಿದು ಹೊರಗೆ ಬಂದವಳು ಮೆಟ್ಟಿಲ ಮೇಲೇ ನಿಂತಳು. ಅಣ್ಣ ಮಧ್ವೇಶ ಅವಳ ಕಾರಿನ ಮುಂದೆ ಬಗ್ಗಿ, ಎಡಗಡೆಯ ವೈಪರನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಹೊಸದು ಹಾಕಲೆಂದು ಇನ್ನೊಂದರಲ್ಲಿ ಹಳೇ ರಬ್ಬರನ್ನು ಕೀಳುತ್ತಿದ್ದ. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಮತ್ತೆ ಎದ್ದಿತ್ತು. ಮೊನ್ನೆ ಹೆಸರುಕಾಳಿನಷ್ಟಿದ್ದ ಗಾಯ ಈಗ ಕಡಲೆಯಷ್ಟಾಗಿತ್ತು.

ಬಿಸಿಲಿಗೆ ರಬ್ಬರು ಗಾಜಿಗೆ ಅಂಟದಿರಲೆಂದು, ಗಾಡಿ ನಿಲ್ಲಿಸಿದ ಕೂಡಲೇ ವೈಪರ್ ಎತ್ತಿಡುವುದು ಶಿಗ್ಗಾಂವಿಯ ಆ ಓಣಿಯಲ್ಲಿ ಎಲ್ಲರ ರೂಢಿ. ಮಧ್ವೇಶ ತನ್ನ ಜೀಪಿಗೆ ಹಾಗೇ ಮಾಡುತ್ತ ಬಂದವನು. ಈ ಕಾರಿನ ವೈಪರುಗಳಾದರೋ ಬಾನೆಟ್ಟಿನ ಕೆಳಗೆ ಅಡಗಿ ಕೂರುತ್ತವೆ; ಹಾಗೇ ಎಳೆದರೆ ಪೂರ್ತಿ ಏಳದೆ ಬಾನೆಟ್ಟಿನ ಅಂಚಿಗೆ ತಗುಲಿ ಬಣ್ಣ ಕೀಳುತ್ತವೆ. ಕಾರು ಆಫ್ ಮಾಡಿದ ಕೂಡಲೇ ವೈಪರಿನ ಸ್ವಿಚ್ಚು ಒತ್ತಿ ಹಿಡಿದರೆ ಅವು ಗಾಜಿನ ನಡುವೆ ಬಂದು ನಿಲ್ಲುತ್ತವೆ, ಎತ್ತುವುದು ಆಮೇಲೆ. ಇದನ್ನು ಅವಳು ಹೇಳಿ ಹೇಳಿ ಸೋತಿದ್ದಳು.

"ಅಣ್ಣಾ, ಬಿಡಬ್ಯಾಡ! ಅದು ಪೂರ್ತಿ ಎದ್ದಿಲ್ಲ, ನಿಲ್ಲೂದಿಲ್ಲ!"

"ನನಗ ಕಲಸ್ತೀಯೇನ? ನೀ ಲಂಗಾ ಹಾಕ್ಕೊಂಡು ಓಡ್ಯಾಡಾಗಿಂದ ಗಾಡಿ ಓಡಿಸೇನಿ ನಾ."

ಹೇಳುತ್ತ ಅವಳತ್ತ ತಿರುಗಿದ. ಕೈ ಜಾರಿತು. ರಬ್ಬರಿಲ್ಲದ ಬೋಳು ಕಬ್ಬಿಣ ಟಪ್ಪೆಂದು ಗಾಜಿಗೆ ಬಡಿಯಿತು. ಎಡ ಮೂಲೆಯಲ್ಲಿ ಗೇಣುದ್ದದ ಬಿರುಕು.

ಮೃಣಾಲಿನಿ ಬೋಳು ಕಬ್ಬಿಣಕ್ಕೆ ಬಟ್ಟೆ ಸುತ್ತಿ, ಕಾರಿನೊಳಗೆ ಕುಳಿತು, ಒಮ್ಮೆ ಆನ್ ಮಾಡಿ ಆಫ್ ಮಾಡಿ, ಸ್ವಿಚ್ಚು ಒತ್ತಿ ಹಿಡಿದಳು. ಎರಡೂ ವೈಪರು ಎದ್ದು ಗಾಜಿನ ನಡುವೆ ನಿಂತವು. ಅವನ್ನು ಎತ್ತಿ, ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ, ಹೊಸ ರಬ್ಬರುಗಳನ್ನು ಕೂರಿಸಿ, ಮೆಲ್ಲಗೆ ಮಡಚಿದಳು. ತಡಸದ ಕಡೆ ಮೋಡ ಕಪ್ಪಾಗಿತ್ತು. ಕಳೆದ ವಾರ ದುಂಡಸಿ ರಸ್ತೆಯ ಮಳೆಯಲ್ಲಿ, ಹಳೇ ರಬ್ಬರು ಒರೆಸದೆ ಮಸುಕಾದ ಗಾಜಿನ ಹಿಂದೆ, ಎದುರಿನ ಟ್ರ್ಯಾಕ್ಟರ್ ಅವಳಿಗೆ ಕಂಡದ್ದು ಕೊನೇ ಗಳಿಗೆಯಲ್ಲಿ.

"ಸಣ್ಣ ಗೀರು. ಏನಾಗೂದಿಲ್ಲ," ಎಂದ ಮಧ್ವೇಶ. "ಈಕಡೆ ಸರಿ, ನಾ ಓಡಸ್ತೇನಿ. ಸಿಟ್ಟಿನ್ಯಾಗ ಎಲ್ಲೆರ ಗುದ್ದೀ."

"ಕೀಲಿ ತಾ."

"ನಿನ್ನ ಕೈಯಾಗ ಅದ ಅಲ್ಲಾ?"

"ನಿನ್ನ ಕಿಸೇದಾಗಿನ ಇನ್ನೊಂದು."

"ಇದೇನ ಹುಚ್ಚಾಟ? ಕಾಳಜಿ ಮಾಡಿದ್ದ ತಪ್ಪಾತೇನ?"

"ಜೀಪಿಗೆ ಮಾಡು. ಅದು ಸುಮ್ಮನ ಇರ್ತದ. ಅಲ್ಲಿ ಎಮ್ಮಿ ಸಾಯ್ಲಿಕತ್ತದ, ಅಣ್ಣಾ. ಕೀಲಿ."

ಪಕ್ಕದ ಮನೆಯ ಯಮುನಾಬಾಯಿ ಬಾಗಿಲಿಗೆ ಬಂದಿದ್ದರು. ಮಧ್ವೇಶ ಅವರನ್ನೊಮ್ಮೆ ನೋಡಿ, ಜೀಪಿನ ಕೀಲಿಗೊಂಚಲಿನಿಂದ ಕಾರಿನದನ್ನು ಬಿಡಿಸಿದ. ಉಗುರು ಸಿಕ್ಕಿ ಹೊತ್ತು ಹಿಡಿಯಿತು. ಅಂಗೈಗೆ ಕೀಲಿ ಬೀಳುವವರೆಗೂ ಅವಳು ಕೈ ಚಾಚಿಕೊಂಡೇ ನಿಂತಿದ್ದಳು.

ಕಾರು ಶುರುವಾಯಿತು. ಮೊದಲ ಹನಿಗಳು ಬಿದ್ದವು. ವೈಪರುಗಳು ಒಮ್ಮೆ ಗಾಜು ಒರೆಸಿದವು. ಸ್ವಚ್ಛ ಗಾಜಿನಾಚೆ, ಹಳೇ ರಬ್ಬರು ಹಿಡಿದು ನಡುದಾರಿಯಲ್ಲಿ ನಿಂತ ಅಣ್ಣ ಸ್ಪಷ್ಟವಾಗಿ ಕಂಡ.

ಅವಳು ಹಾರ್ನ್ ಬಾರಿಸಿದಳು. ಅವನು ಸರಿದ.